ನಮ್ಮ ಊರಿನ ವನವಿಹಾರ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅವಶ್ಯವೆಂದು ನಮ್ಮ ಪ್ರಾಚೀನ ಕವಿಗಳು ಭಾವಿಸಿದ್ದರು. ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಸಾಲಿನಲ್ಲಿ ವನವಿಹಾರಕ್ಕೂ ಒಂದು ಸ್ಥಾನವಿತ್ತು. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ನಮಗೆ ಒಂದು ಸಂಕೋಚವುಂಟಾಗುತ್ತದೆ. ಬಯಲುಸೀಮೆಯ ಅಧ್ಯಾಪಕನು ಪರ್ವತವನ್ನೂ ವನವನ್ನೂ ಮಾತಿನಲ್ಲಿಯೇ ಕಟ್ಟಿ ತೋರಿಸಬೇಕು. ಉದಕಮಂಡಲದಲ್ಲಿರುವ ನಾವಾದರೋ ಕಿಟಕಿಯನ್ನು ತೆರೆದರೆ ಸಾಕು. ಹೀಗಿದ್ದೂ ನಮ್ಮ ಮಕ್ಕಳಲ್ಲಿ ಅನೇಕರಿಗೆ ವನವು ಪುಸ್ತಕದ ವಸ್ತುವಾಗಿಯೇ ಉಳಿದಿದೆ.

ಒಂದು ಸಣ್ಣ ಸಂಗತಿಯನ್ನು ಅರಿಕೆಮಾಡುತ್ತೇವೆ. ಮಂಜು ಸರಿದ ಒಂದು ಬೆಳಗ್ಗೆ ಪೂರ್ವದಿಕ್ಕಿನ ಶಿಖರವನ್ನು ತೋರಿಸಿ, ಅದರ ಹೆಸರೇನೆಂದು ಮಕ್ಕಳನ್ನು ಕೇಳಿದೆವು. ಕನ್ನಡದ ಮನೆಯ ಹುಡುಗನೊಬ್ಬನು “ತೊಟ್ಟಪೆಟ್ಟಾ” ಎಂದನು. ಪಕ್ಕದ ಹುಡುಗಿ ಅವನನ್ನು ತಿದ್ದುವಂತೆ “ಡೊಡ್ಡಾಬೆಟ್ಟಾ” ಎಂದಳು. ಒಬ್ಬನು ತಮಿಳು ಫಲಕವನ್ನು ಓದಿದ್ದನು, ಇನ್ನೊಬ್ಬಳು ಇಂಗ್ಲಿಷ್ ಫಲಕವನ್ನು ಓದಿದ್ದಳು. ಲಿಪಿಗಳ ಮೇಲೆ ದೋಷ ಹೊರಿಸುವುದು ಸಲ್ಲದು. ತಮಿಳಿನಲ್ಲಿ ತಕಾರ ದಕಾರಗಳಿಗೆ ಒಂದೇ ಅಕ್ಷರ. ಪಕಾರ ಬಕಾರಗಳಿಗೂ ಹಾಗೆಯೇ. ಇಂಗ್ಲಿಷಿನಲ್ಲಿ ದಕಾರ ಡಕಾರಗಳಿಗೆ ಭೇದವಿಲ್ಲ. ದೋಷವು ನಮ್ಮದು. ಆ ಮಕ್ಕಳು ಹೆಸರನ್ನು ಫಲಕದಲ್ಲಿ ಓದಿದ್ದರೇ ಹೊರತು, ಬೆಟ್ಟವನ್ನು ಹತ್ತುತ್ತ ಹಿರಿಯರ ಬಾಯಿಂದ ಕೇಳಿರಲಿಲ್ಲ.

ಮುಂದಿನ ರಜಾದಿನ ಕೆಲವು ಮಕ್ಕಳನ್ನೂ ಅವರ ಮನೆಯವರನ್ನೂ ಕರೆದುಕೊಂಡು ಕೋಟಗಿರಿ ರಸ್ತೆಯ ಕವಲಿನಿಂದ ನಡೆದೇ ಹೊರಟೆವು. ಆ ಹುಡುಗನ ಅಜ್ಜಿಯವರೂ ಕೋಲೂರಿಕೊಂಡು ಬಂದರು. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ನಿಂತು, “ದೊಡ್ಡ ಬೆಟ್ಟವಪ್ಪಾ ಇದು!” ಎಂದು ಉದ್ಗರಿಸಿದರು. ಹುಡುಗನು ಗಕ್ಕನೆ ನಿಂತನು. “ಸಾರ್, ಹಾಗಾದರೆ ಇದು ಬರಿಯ ಹೆಸರಲ್ಲ, ನಮ್ಮ ಮನೆಯ ಮಾತು!” ಎಂದನು. ನಾವು ಒಂದು ಗಂಟೆ ಪಾಠ ಮಾಡಿ ಕಲಿಸಲಾರದುದನ್ನು ಅಜ್ಜಿಯವರ ಏದುಸಿರು ಕಲಿಸಿತು.

ನೀಲಗಿರಿಯಲ್ಲೆಲ್ಲ ಅತ್ಯುನ್ನತವಾದ, 2,637 ಮೀಟರ್ ಎತ್ತರದ ಆ ಶಿಖರವೊಂದೇ ಅಲ್ಲ. ಈ ಸೀಮೆಯ ಹಾದಿಯುದ್ದಕ್ಕೂ ಇಂತಹ ಹೆಸರುಗಳಿವೆ. ಅವಲಾಂಚಿಯ ಕಡೆ ದೇವರಬೆಟ್ಟ, ಕೂನೂರಿನ ಬಳಿ ಹುಲಿಕಲ್ ದುರ್ಗ, ಕೆಳಗೆ ಮಸಿನಗುಡಿ. ನಮ್ಮ ದುರ್ಗವೇ ಆಂಗ್ಲರ ಬಾಯಲ್ಲಿ ‘ಡ್ರೂಗ್’ ಆಯಿತು. ಇವು ನಮ್ಮವು ಮಾತ್ರವೆಂದು ನಾವು ಹೇಳುವುದಿಲ್ಲ. ಇವನ್ನು ಬಾಳಿಸಿದವರಲ್ಲಿ ಬಡಗ ಬಂಧುಗಳು ಮೊದಲಿಗರು. ಅವರ ನುಡಿಗೂ ನಮ್ಮ ನುಡಿಗೂ ಇರುವ ನಂಟು ಬೆಟ್ಟವೆಂಬ ಒಂದು ಪದದಲ್ಲಿಯೇ ಕಾಣುತ್ತದೆ. ತೋಡರು, ಕೋತರು, ಕುರುಂಬರು, ಇರುಳರು ಇಟ್ಟ ಹೆಸರುಗಳೂ ಇಲ್ಲಿವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಾದ್ರಿಯನ್ನು ವಶಪಡಿಸಿಕೊಂಡ ಸುದ್ದಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಕಲೆಕ್ಟರ್ ಸಲ್ಲಿವನ್ ಸಾಹೇಬರು ಇಲ್ಲಿಗೆ ಬಂದದ್ದು 1819ರಲ್ಲಿ. ಅದಕ್ಕೆ ಏಳುನೂರು ವರ್ಷ ಮೊದಲೇ ಕನ್ನಡದ ಸೀಮೆಯಿಂದ ಈ ಬೆಟ್ಟಕ್ಕೆ ಕಾಲುಹಾದಿ ಇತ್ತೆಂದಾಯಿತು.

ಕಾಡಿನಲ್ಲಿ ನಡೆದವನಿಗೆ ಹೆಸರಿನೊಡನೆ ವಿವೇಕವೂ ದೊರೆಯುತ್ತದೆ. ಊರಿನಿಂದ ಸುಮಾರು ಮೂರು ಕಿಲೋಮೀಟರ್ ದೂರದ ಕೇರ್ನ್ ಹಿಲ್ ಕಾಡಿಗೆ ಹೋಗಿ ನೋಡಿ. ನೆಟ್ಟನೆ ನಿಂತ ಸೈಪ್ರಸ್ ಮರಗಳು ಕಣ್ಣಿಗೆ ಹಬ್ಬ. ಆದರೆ ಅವು ಮನುಷ್ಯರು ನೆಟ್ಟವು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿಯೂ ‘ನೀಲಗಿರಿ ಮರ’ ಎನಿಸಿಕೊಂಡಿರುವ ಮರವೂ ನೀಲಗಿರಿಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು. ಈ ಬೆಟ್ಟದ ಸ್ವಂತ ಸಂಪತ್ತು ಶೋಲಾ ಕಾಡು ಮತ್ತು ಅದರ ಸುತ್ತಲ ಹುಲ್ಲುಗಾವಲು. ಮಳೆಗಾಲದ ನೀರನ್ನು ಇವೆರಡೂ ಹೀರಿಟ್ಟುಕೊಂಡು, ಬೇಸಗೆಯಲ್ಲಿ ಮೆಲ್ಲಮೆಲ್ಲನೆ ತೊರೆಗೆ ಬಿಡುತ್ತವೆ. ಕೋಟಗಿರಿಯ ಬಳಿಯ ಲಾಂಗ್‌ವುಡ್ ಶೋಲಾ ಕೇವಲ 116 ಹೆಕ್ಟೇರಿನದು. ಆದರೂ ಸುತ್ತಲ ಹಳ್ಳಿಗಳಿಗೆ ಅದೇ ಜಲದಾತ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಅದೇ ಸಲ ಕರ್ನಾಟಕದ ಅಂಕಸಮುದ್ರ, ಮಾಗಡಿ ಕೆರೆಗಳೂ ಅಘನಾಶಿನಿ ಅಳಿವೆಯೂ ಸೇರಿದವೆಂಬುದು ನಮಗೆ ಇಮ್ಮಡಿ ಸಂತೋಷ.

ವಿಹಾರವೆಂದರೆ ಸ್ವೇಚ್ಛಾಚಾರವಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಮಡಿದ ದುಃಖವನ್ನು ಮರೆಯಲಾಗದು. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರವು ನಲವತ್ತು ಚಾರಣಹಾದಿಗಳನ್ನು ವ್ಯವಸ್ಥಿತವಾಗಿ ತೆರೆಯಿತು. ಕೇರ್ನ್ ಹಿಲ್, ಲಾಂಗ್‌ವುಡ್ ಶೋಲಾ, ಗೂಡಲೂರಿನ ಕಡೆಯ ಜೀನ್‌ಪೂಲ್ ಮತ್ತು ಸೂಜಿಮಲೆ ಅವುಗಳಲ್ಲಿ ಸೇರಿವೆ. ಇಲ್ಲಿ ಅನುಮತಿಯನ್ನು ಪಡೆದು, ಕಾಡನ್ನು ಬಲ್ಲ ಮಾರ್ಗದರ್ಶಕರೊಡನೆಯೇ ನಡೆಯಬೇಕು. ಮಸಿನಗುಡಿಯ ಮಾತೇ ಬೇರೆ. ಅದರ ನೆರೆಯ ಮುದುಮಲೆಯು 1940ರಿಂದ ಅಭಯಾರಣ್ಯ, 2007ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಆನೆಯೇ ಮನೆಯ ಯಜಮಾನ, ನಾವು ಅತಿಥಿಗಳು. ಯಜಮಾನನ ಅಂತಃಪುರಕ್ಕೆ ಅತಿಥಿಯು ನುಗ್ಗಬಾರದು. ಊರೊಳಗೆ ಕಾಟಿ ಎದುರಾದಾಗಲೂ ದೂರ ನಿಂತು ದಾರಿ ಬಿಡುವುದೇ ಮರ್ಯಾದೆ.

ನಮ್ಮ ಬೆಟ್ಟವನ್ನು ನೋಡಲು ಬರುವವರ ವಾಹನಗಳು ಎಷ್ಟಾದವೆಂದರೆ, ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ದೂರದವರು ಪಾಸು ಪಡೆದು ಬರುತ್ತಾರೆ. ಬಾಗಿಲಲ್ಲಿಯೇ ಇರುವ ನಾವು ರಜಾದಿನ ಮನೆಯೊಳಗೆ ಕುಳಿತಿರುತ್ತೇವೆ. ಪರೀಕ್ಷೆಯ ಭಯ, ಕಾಡಿನ ಭಯ, ಬಟ್ಟೆ ಕೆಸರಾದೀತೆಂಬ ಭಯ ಎಲ್ಲವೂ ನಮಗೆ ಗೊತ್ತಿದೆ. ನಮ್ಮ ಮನೆಯಲ್ಲಿಯೂ ಮಕ್ಕಳಿದ್ದಾರೆ. ಆದರೆ ಭಾಷೆಯು ಪಠ್ಯಪುಸ್ತಕದಿಂದ ಮಾತ್ರ ಬದುಕಲಾರದು. ಕನ್ನಡ ಮಾಧ್ಯಮದ ತರಗತಿಯನ್ನು ಉಳಿಸಿಕೊಳ್ಳುವ ಶ್ರಮದಷ್ಟೇ, ಆ ತರಗತಿಯ ಹೊರಗೆ ಕನ್ನಡವು ಓಡಾಡಲು ಒಂದು ಹಾದಿಯನ್ನು ಉಳಿಸಿಕೊಳ್ಳುವುದೂ ಅವಶ್ಯ.

ಆದುದರಿಂದ ಸಂಘದ ಮುಂದೆ ನಮ್ಮದೊಂದು ವಿನಂತಿಯಿದೆ. ತಿಂಗಳಿಗೊಂದು ಭಾನುವಾರ ನಾಲ್ಕಾರು ಮನೆಗಳವರು ಒಟ್ಟಿಗೆ ನಡೆಯೋಣ. ಕಾಡಿಗೆ ಹೋಗಲಾಗದ ತಿಂಗಳಲ್ಲಿ 1848ರಿಂದ ಇರುವ ನಮ್ಮ ಸಸ್ಯೋದ್ಯಾನವಿದೆ, ಫರ್ನ್‌ಹಿಲ್ಲಿನಲ್ಲಿ ಕರ್ನಾಟಕ ತೋಟಗಾರಿಕಾ ಇಲಾಖೆಯ ಉದ್ಯಾನವಿದೆ. ಬುತ್ತಿಯನ್ನು ಡಬ್ಬಿಯಲ್ಲಿ ಒಯ್ಯೋಣ, ಪ್ಲಾಸ್ಟಿಕ್ ಬೇಡ. ಜೊತೆಗೆ ಒಂದು ನೋಟ್‌ಬುಕ್ ಇರಲಿ. ಹಾದಿಯಲ್ಲಿ ಸಿಕ್ಕ ಬೆಟ್ಟ, ತೊರೆ, ಮರ, ಹಕ್ಕಿಗಳ ಹೆಸರನ್ನು ಹಿರಿಯರಿಂದ ಕೇಳಿ ಮಕ್ಕಳು ಕನ್ನಡದಲ್ಲಿ ಬರೆಯಲಿ. ಬಡಗರು ಏನೆನ್ನುತ್ತಾರೆ, ತಮಿಳರು ಏನೆನ್ನುತ್ತಾರೆ, ತೋಡರು ಏನೆನ್ನುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಮುಂದಿನ ವಾರ್ಷಿಕೋತ್ಸವಕ್ಕೆ ಆ ಪುಸ್ತಕವನ್ನು ಈ ವೇದಿಕೆಯ ಮೇಲಿಡೋಣ.

ಅಜ್ಜಿಯವರು ಆ ದಿನ ಶಿಖರವನ್ನು ತಲುಪಲಿಲ್ಲ. ಅರ್ಧದಾರಿಯಲ್ಲಿಯೇ ಕುಳಿತು, “ಮಿಕ್ಕದ್ದನ್ನು ನೀವು ನೋಡಿ ಬಂದು ಹೇಳಿ” ಎಂದರು. ಹುಡುಗನು ಇಳಿದು ಬಂದು ಹೇಳಿದನು, ಎಲ್ಲವನ್ನೂ, ಕನ್ನಡದಲ್ಲಿ.