ಇಲಿಯ ತಲೆಯೊಳಗಿನ ದಿಕ್ಕು



ರಜೆಯಲ್ಲಿ ಸೋದರಮಾವನ ಮನೆಗೆ ಹೋಗಿ ಮಲಗಿರುತ್ತೀರಿ. ನಡುರಾತ್ರಿ ಎಚ್ಚರವಾಗುತ್ತದೆ. ಬಾಗಿಲು ಎಡಗಡೆಯೆಂದು ಎದ್ದು ಹೊರಟರೆ ಗೋಡೆ ಹಣೆಗೆ ಬಡಿಯುತ್ತದೆ. ಕಿಟಕಿಯ ಬೆಳಕು ಕಂಡ ಕೂಡಲೇ ಇಡೀ ಕೋಣೆ ಗಿರ್ರನೆ ತಿರುಗಿ ಸರಿಯಾದ ಜಾಗಕ್ಕೆ ಬಂದು ನಿಂತಂತಾಗುತ್ತದೆ. ತಿರುಗಿದ್ದು ಕೋಣೆಯಲ್ಲ, ನಿಮ್ಮ ಮಿದುಳಿನ ಲೆಕ್ಕ. ಕಿಟಕಿಯೇ ಇಲ್ಲದ ಸ್ಟುಡಿಯೋದಲ್ಲಿ ದಿನವಿಡೀ ಕೆಲಸ ಮಾಡುವ ನನಗೂ ಹೊರಬಂದಾಗ ಗೇಟು ಯಾವ ಕಡೆ ಎಂಬ ಗೊಂದಲ ಇಂದಿಗೂ ತಪ್ಪಿಲ್ಲ.

ಈ ಲೆಕ್ಕವಿಡುವ ನರಕೋಶಗಳನ್ನು 1984ರಲ್ಲಿ ಇಲಿಯ ಮಿದುಳಿನಲ್ಲಿ ಮೊದಲು ಗುರುತಿಸಿದವರು ನ್ಯೂಯಾರ್ಕಿನ ವಿಜ್ಞಾನಿ ಜೇಮ್ಸ್ ರ‍್ಯಾಂಕ್. ಇಲಿಯ ತಲೆ ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿದಾಗ ಮಾತ್ರ ಇಂಥ ಕೋಶ ರಭಸದಿಂದ ವಿದ್ಯುತ್ ಮಿಡಿತಗಳನ್ನು ಹೊಮ್ಮಿಸುತ್ತದೆ. ಅದನ್ನು ಧ್ವನಿವರ್ಧಕಕ್ಕೆ ಜೋಡಿಸಿದರೆ ಹುರಿಗಡಲೆ ಸಿಡಿದಂತೆ ಪಟಪಟ ಸದ್ದು ಕೇಳುತ್ತದೆ. ತಲೆ ಬೇರೆಡೆ ತಿರುಗಿತೋ, ಸದ್ದು ಅಡಗುತ್ತದೆ. ಇಲಿ ಯಾವ ಮೂಲೆಯಲ್ಲಿದೆ ಎಂಬುದು ಈ ಕೋಶಕ್ಕೆ ಮುಖ್ಯವಲ್ಲ. ಒಂದೊಂದು ಕೋಶಕ್ಕೆ ಒಂದೊಂದು ದಿಕ್ಕು. ಎಲ್ಲವೂ ಸೇರಿ 360 ಡಿಗ್ರಿಯನ್ನೂ ತುಂಬುತ್ತವೆ.

ಹಾಗೆಂದು ಇದನ್ನು ಉತ್ತರ ತೋರಿಸುವ ದಿಕ್ಸೂಚಿ ಎಂದುಕೊಳ್ಳಬೇಡಿ. ಇಲಿ ಓಡಾಡುವ ದುಂಡನೆಯ ಆವರಣದ ಗೋಡೆಗೆ ಅಂಟಿಸಿದ ಬಿಳಿ ರಟ್ಟನ್ನು 90 ಡಿಗ್ರಿ ಸರಿಸಿದರೆ, ಕೋಶಗಳ ದಿಕ್ಕೂ ಹೆಚ್ಚುಕಡಿಮೆ ಅಷ್ಟೇ ಸರಿಯುತ್ತದೆ. ಅಂದರೆ ಕಣ್ಣಿಗೆ ಕಂಡ ಗುರುತು ಇಡೀ ಗುಂಪನ್ನು ಎಳೆದೊಯ್ಯುತ್ತದೆ.

ಹಾಗಾದರೆ ಒಂದೇ ಕೋಶವನ್ನು ಹೊರಗಿನಿಂದ ಕೆಣಕಿ ಅದರ ದಿಕ್ಕು ಬದಲಿಸಬಹುದೆ? ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಂಡ್ರಿಯಾ ಬುರ್ಗಲೋಸ್ಸಿ ಅವರ ತಂಡ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಸೂಜಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಒಂದೇ ಕೋಶದ ಮಗ್ಗುಲಿಗೆ ತಾಗಿಸಿ, ಇಲಿಯನ್ನು ತಿರುಗಿಸುತ್ತ, ಕೋಶದ್ದಲ್ಲದ ದಿಕ್ಕು ಬಂದಾಗ ಅಲ್ಪ ವಿದ್ಯುತ್ ಹರಿಸಿ ಅದನ್ನು ಬಲವಂತವಾಗಿ ಮಿಡಿಸಿದರು. ಹೀಗೆ 81 ಕೋಶಗಳು. ಅವುಗಳ ಸ್ವಂತ ದಿಕ್ಕಿನಿಂದ 11ರಿಂದ 178 ಡಿಗ್ರಿಯವರೆಗಿನ ದೂರ. ಕೆಲವು ಸಲ ಸೆಕೆಂಡುಗಟ್ಟಲೆ ಮಿಡಿಸಿದ್ದೂ ಉಂಟು.

ಕೋಶಗಳು ಜಗ್ಗಲಿಲ್ಲ! ಪ್ರಚೋದನೆ ನಿಂತೊಡನೆ ಪ್ರತಿಯೊಂದೂ ತನ್ನ ಹಳೆಯ ದಿಕ್ಕಿಗೇ ಅಂಟಿಕೊಂಡಿತು.

ಪ್ರಯೋಗ ವಿಫಲವಾಯಿತೆಂದು ನೀವು ರೆಕಾರ್ಡ್ ಪುಸ್ತಕ ಮುಚ್ಚಿಬಿಡುತ್ತಿದ್ದಿರೇನೋ. ನನಗಂತೂ ಇದೇ ಸ್ವಾರಸ್ಯದ ಭಾಗ. ಭಜನೆಯಲ್ಲಿ ಒಬ್ಬನನ್ನು ಚಿವುಟಿ ಅಪಸ್ವರ ಹಾಡಿಸಬಹುದು. ಉಳಿದವರ ಶ್ರುತಿ ಮತ್ತೆ ಅವನನ್ನು ಎಳೆದುಕೊಳ್ಳುತ್ತದೆ. ಈ ಕೋಶಗಳೂ ಒಂದನ್ನೊಂದು ಹಿಡಿದಿಟ್ಟುಕೊಂಡ ಜಾಲವೆಂಬ ಸಿದ್ಧಾಂತಕ್ಕೆ ಈ ಫಲಿತಾಂಶ ಹೊಂದುತ್ತದೆ. ಕಣ್ಣಿಗೆ ಗುರುತುಗಳೇ ಸಿಗದಂಥ ಪರಿಸರದಲ್ಲಿ ಮಾತ್ರ, ಪ್ರಚೋದಿಸಿದ ದಿಕ್ಕಿನ ಕಡೆಗೆ ಕೊಂಚ ವಾಲಿಕೆ ಕಂಡಿತು. ಗುರುತು ತಪ್ಪಿದಾಗ ಜಾಲ ಸಡಿಲವಾಗಿ, ಬಲವಾದ ಪ್ರಚೋದನೆಗೆ ಮಣಿಯಬಹುದೆಂಬುದು ಸಂಶೋಧಕರ ಊಹೆ.

ನೀವೂ ಒಂದು ಪ್ರಯೋಗ ಮಾಡಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ, ಸದ್ದಿಲ್ಲದೆ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಿ ನಿಲ್ಲಿಸಿ. ಬಾಗಿಲು ಎಲ್ಲಿದೆ ಎಂದು ಬೆರಳು ತೋರಿಸಲು ಹೇಳಿ. ಎಷ್ಟು ಡಿಗ್ರಿ ತಪ್ಪಿತೆಂದು ಬರೆದಿಟ್ಟುಕೊಂಡು, ಆಮೇಲೆ ಬಟ್ಟೆ ಬಿಚ್ಚಿ, ಅವನ ಮುಖ ನೋಡಿ.