ಆಗಸದಿಂದ ಅಳೆದ ನೆಲ



'ಪ್ರಮಾಣ' ಎಂಬ ಮಾತಿಗೆ ನಮ್ಮಲ್ಲಿ ಅಳತೆಯೆಂಬ ಅರ್ಥವೂ ಉಂಟು, ಆಣೆಯೆಂಬ ಅರ್ಥವೂ ಉಂಟು. ಭೂಪಟದ ಅಡಿಯಲ್ಲಿ 1:50,000 ಎಂದಿದ್ದರೆ ಅದು ಎರಡೂ ಹೌದು: ಹಾಳೆಯ ಯಾವ ಎಡೆಯಲ್ಲಿ ಅಳೆದರೂ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು ನೆಲವೆಂಬ ವಚನ. ವಿಮಾನದಿಂದ ತೆಗೆದ ಛಾಯಾಚಿತ್ರ ಇಂಥ ವಚನವನ್ನು ಕೊಡಲಾರದು. 1858ರಲ್ಲಿ ಫ್ರಾನ್ಸಿನ ನಾದಾರ್ ಬಲೂನನ್ನೇರಿ ನೆಲದ ಚಿತ್ರ ತೆಗೆದಂದಿನಿಂದಲೂ ಈ ತೊಡಕು ಇದ್ದದ್ದೇ.

ಲೆಕ್ಕವೇನೋ ಸುಲಭ. ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡಿದ್ದರೆ, ಅದರ ನಾಭಿದೂರವನ್ನು ನೆಲದಿಂದ ಅದಕ್ಕಿದ್ದ ಎತ್ತರದಿಂದ ಭಾಗಿಸಬೇಕು, ಅಷ್ಟೆ. ಮೈಸೂರಿನ ಮೇಲೆ ವಿಮಾನವೊಂದು ಸಮುದ್ರಮಟ್ಟದಿಂದ 3,770 ಮೀಟರ್ ಎತ್ತರದಲ್ಲಿ ಹಾರಿತೆನ್ನೋಣ. ನಾಭಿದೂರ 15 ಸೆಂಟಿಮೀಟರ್. ಊರಿನ ನೆಲವೇ ಸುಮಾರು 770 ಮೀಟರ್ ಎತ್ತರದಲ್ಲಿದೆ. ಅದನ್ನು ಕಳೆದರೆ 3,000, ಪ್ರಮಾಣ 1:20,000. ಆದರೆ ಅದೇ ಚಿತ್ರದಲ್ಲಿ ಚಾಮುಂಡಿಬೆಟ್ಟವೂ ಇದೆಯಲ್ಲ! ಅದರ ನೆತ್ತಿ ಸುಮಾರು 1,060 ಮೀಟರ್. ಅಲ್ಲಿಂದ ಕ್ಯಾಮೆರಾಕ್ಕೆ ಉಳಿದದ್ದು 2,710 ಮಾತ್ರ. ಪ್ರಮಾಣ ಹೆಚ್ಚುಕಡಮೆ 1:18,000. ಒಂದೇ ಹಾಳೆಯಲ್ಲಿ ಎರಡು ಅಳತೆಗೋಲು. ನಡುವಣ ಇಳಿಜಾರಿನಲ್ಲಿ ಇನ್ನೆಷ್ಟೋ.

ಹತ್ತರಲ್ಲೊಂದು ಪಾಲಿನ ಅಂತರ ತಾನೆ ಎನ್ನಬೇಡಿ. ವಿಸ್ತೀರ್ಣಕ್ಕೆ ಬಂದಾಗ ಅದು ಸುಮಾರು ಇಮ್ಮಡಿಯಾಗುತ್ತದೆ. ಚಿತ್ರದ ಒಂದು ಚದರ ಸೆಂಟಿಮೀಟರು ಕೆಳಗಿನ ಬಯಲಿನಲ್ಲಿ ಹತ್ತಿರ ಹತ್ತಿರ ಹತ್ತು ಎಕರೆ. ಬೆಟ್ಟದ ನೆತ್ತಿಯಲ್ಲಿ ಎಂಟೇ. ಯಾವುದೋ ಅಣೆಕಟ್ಟಿನಲ್ಲಿ ಮುಳುಗಲಿರುವ ಕಣಿವೆಯ ಗದ್ದೆಯನ್ನು ಬೆಟ್ಟದ ಪ್ರಮಾಣದಿಂದ ಅಳೆದರೆ, ಹತ್ತು ಎಕರೆಯ ಒಡೆಯನಿಗೆ ಎಂಟರ ಪರಿಹಾರ ಸಿಕ್ಕೀತು. ಉಳಿದೆರಡು ಎಕರೆ ನೀರಿನಲ್ಲಿ ಮುಳುಗುವ ಮುನ್ನವೇ ಕಾಗದದಲ್ಲಿ ಮುಳುಗಿರುತ್ತದೆ.

ಹಾರಿದ ಎತ್ತರ ತಿಳಿಯದಿದ್ದರೆ ಬೇರೊಂದು ದಾರಿಯುಂಟು. ಎರಡು ಕೂಡುರಸ್ತೆಗಳ ನಡುವಣ ದೂರ ಚಿತ್ರದಲ್ಲಿ 5 ಸೆಂಟಿಮೀಟರ್, ಆ 1:50,000 ಭೂಪಟದಲ್ಲಿ 2 ಸೆಂಟಿಮೀಟರ್ ಇದ್ದರೆ, ನೆಲದ ಮೇಲೆ ಅದು ಒಂದು ಕಿಲೋಮೀಟರ್. ಚಿತ್ರದ ಪ್ರಮಾಣ 1:20,000. ಆದರೆ ಆ ಎರಡು ರಸ್ತೆಗಳೂ ನಾವು ಅಳೆಯಬೇಕಾದ ಹೊಲದ ಮಟ್ಟದಲ್ಲೇ ಇರಬೇಕು. ಅವಸರದ ಕೈಗಳು ಮರೆಯುವುದು ಇದನ್ನೇ.

2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ-ಹಿತ್ತಿಲುಗಳನ್ನು ಡ್ರೋನ್ ಅಳೆಯತೊಡಗಿತು. ಡ್ರೋನ್ ತಗ್ಗಿನಲ್ಲಿ ಹಾರುವುದರಿಂದ ಈ ದೋಷವಿಲ್ಲವೆಂದು ಕೆಲವರು ತಿಳಿಯುತ್ತಾರೆ. ವಾಸ್ತವ ತಿರುವುಮುರುವು: 120 ಮೀಟರ್ ಎತ್ತರದಿಂದ ನೋಡುವ ಕಣ್ಣಿಗೆ 12 ಮೀಟರಿನ ದಿಬ್ಬವೇ ಚಾಮುಂಡಿಬೆಟ್ಟ. ಆದ್ದರಿಂದಲೇ ಚಿತ್ರದ ಒಂದೊಂದು ಬಿಂದುವಿನ ಎತ್ತರವನ್ನೂ ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ಹಿಡಿದು, ಇಡೀ ಹಾಳೆಯನ್ನು ಒಂದೇ ಪ್ರಮಾಣಕ್ಕೆ ತಿದ್ದಿದ ಮೇಲೆಯೇ ಅದರಲ್ಲಿ ಗಡಿಗೆರೆ ಎಳೆಯುತ್ತಾರೆ.