ಗಡ್ಡೆ ಇದೆ ಎಂದರೆ ಸಾಲದು
(ಮಹಿಳಾ ವಿಭಾಗದ ಆರೋಗ್ಯ ಸಭೆಯಲ್ಲಿ ಆಡಿದ ಮಾತು)

ಗರ್ಭಕೋಶದ ಗಡ್ಡೆಯ ಬಗ್ಗೆ ಮಾತಾಡಿ ಎಂದು ವಿಭಾಗದವರು ಕೇಳಿದಾಗ ಕೂಡಲೇ ಒಪ್ಪಿದೆ. ಏಕೆಂದರೆ ನಮ್ಮ ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಊಟದ ಹೊತ್ತಿಗೆ ಯಾರಾದರೊಬ್ಬರು ನನ್ನನ್ನು ಮೂಲೆಗೆ ಕರೆದು, ಪರ್ಸಿನಿಂದ ಮಡಚಿದ ರಿಪೋರ್ಟ್ ತೆಗೆದು, "ಡಾಕ್ಟ್ರೇ, ಗಡ್ಡೆ ಇದೆಯಂತೆ, ಗರ್ಭಕೋಶ ತೆಗೆಸಲೇಬೇಕಾ?" ಎಂದು ಕೇಳುತ್ತಾರೆ.

ಎಷ್ಟೋ ಸಲ ಆ ರಿಪೋರ್ಟಿನಲ್ಲಿ ಇರುವುದು ಒಂದೇ ಸಾಲು: ಫೈಬ್ರಾಯ್ಡ್, ಇಷ್ಟು ಸೆಂಟಿಮೀಟರ್. ಅಂಥ ಸಾಲನ್ನು ನಾನೂ ಬರೆದಿದ್ದೇನೆ. ಸ್ಕ್ಯಾನಿಂಗ್ ಕೆಲಸಕ್ಕೆ ಸೇರಿದ ಹೊಸತು. ಮಗುವಿಗಾಗಿ ಕಾಯುತ್ತಿದ್ದ 36 ವರ್ಷದ ಒಬ್ಬರಿಗೆ ಹೊಟ್ಟೆಯ ಮೇಲಿನಿಂದಷ್ಟೇ ಸ್ಕ್ಯಾನ್ ಮಾಡಿ, ಫೈಬ್ರಾಯ್ಡ್ ಎಂದು ಬರೆದುಕೊಟ್ಟೆ. ಸರ್ಜನ್ ಹೊಟ್ಟೆ ತೆರೆದರೆ ಬಿಡಿಸಿ ತೆಗೆಯಲು ಗಡ್ಡೆಯೇ ಇಲ್ಲ! ಗರ್ಭಕೋಶದ ಗೋಡೆಯೇ ದಪ್ಪವಾಗಿತ್ತು. ಅದು ಅಡೆನೊಮಯೋಸಿಸ್. ಪರೀಕ್ಷೆಗೆ ಒಂದು ಚೂರು ತೆಗೆದು ಹೊಲಿದರು. ಗರ್ಭಕೋಶ ಉಳಿಯಿತು, ಆದರೆ ಬೇಡದ ಗಾಯವೊಂದು ಅವರ ಪಾಲಿಗೆ ಬಂತು. ಆಮೇಲೆ ನನ್ನ ಫಿಲ್ಮ್‌ಗಳನ್ನು ತೆಗೆದು ನೋಡಿದೆ. ಗಡ್ಡೆಗೆ ಅಂಚು ಎಲ್ಲೂ ಸ್ಪಷ್ಟವಿರಲಿಲ್ಲ. ಅದನ್ನು ನಾನು ಗಮನಿಸಿರಲಿಲ್ಲ.

ಫೈಬ್ರಾಯ್ಡ್ ಎಂದರೆ ಸ್ನಾಯುವಿನಲ್ಲಿ ಬೇರೆಯಾಗಿ ಕೂತ ಗಂಟು. ಸುತ್ತ ಸಿಪ್ಪೆಯಂಥ ಪದರವಿರುತ್ತದೆ. ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಅದನ್ನು ಬಿಡಿಸಬಹುದು. ಅಡೆನೊಮಯೋಸಿಸ್‌ನಲ್ಲಿ ಗರ್ಭಕೋಶದ ಒಳಪದರದಂಥ ಅಂಶವೇ ಸ್ನಾಯುವಿನೊಳಗೆ ಹರಡಿರುತ್ತದೆ, ಹಿಟ್ಟಿನಲ್ಲಿ ಕಲಸಿದ ಬೆಲ್ಲದಂತೆ. ಸ್ಕ್ಯಾನಿನಲ್ಲಿ ಫೈಬ್ರಾಯ್ಡ್ ಸಾಮಾನ್ಯವಾಗಿ ದುಂಡಗೆ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಡಾಪ್ಲರ್ ಹಾಕಿದರೆ ರಕ್ತನಾಳಗಳು ಅದರ ಸುತ್ತ ಹರಿಯುತ್ತವೆ. ಇನ್ನೊಂದರಲ್ಲಿ ಅಂಚು ಮಸುಕು, ಒಂದು ಗೋಡೆ ಹೆಚ್ಚು ದಪ್ಪ, ನಡುವೆ ಸಣ್ಣ ಕಪ್ಪು ಗುಳ್ಳೆಗಳು, ಬೀಸಣಿಗೆಯಂತೆ ಹರಡಿದ ನೆರಳುಗೆರೆಗಳು. ನಾಳಗಳು ಒಳಗಿನಿಂದಲೇ ಹಾದುಹೋಗುತ್ತವೆ. ಒಬ್ಬರಲ್ಲೇ ಎರಡೂ ಇರುವುದುಂಟು. ಇದೆಲ್ಲ ಚೆನ್ನಾಗಿ ಕಾಣುವುದು ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ. ನಾಚಿಕೆಯಿಂದ ಬೇಡ ಎನ್ನುವವರು ಬಹಳ. ಐದು-ಹತ್ತು ನಿಮಿಷದ ಮುಜುಗರ ಅದು. ಗಡ್ಡೆ ತುಂಬಾ ದೊಡ್ಡದಾಗಿದ್ದರೆ ಹೊಟ್ಟೆಯ ಮೇಲಿನಿಂದಲೂ ನೋಡಬೇಕು.

ಇನ್ನು ಜಾಗ. ಒಳಗಿನ ಪೊಳ್ಳಿಗೆ ಚಾಚಿದ ಗಡ್ಡೆ 2 ಸೆಂಟಿಮೀಟರ್ ಇದ್ದರೂ ಮುಟ್ಟಿನಲ್ಲಿ ರಕ್ತ ಸುರಿಸಬಹುದು. ಅಂಥದ್ದನ್ನು ಹಲವು ಸಲ ಹೊಟ್ಟೆ ಕೊಯ್ಯದೆ, ಹಿಸ್ಟರೋಸ್ಕೋಪ್ ಹಾಕಿ ತೆಗೆಯುತ್ತಾರೆ. ಹೊರಮೈಯಲ್ಲಿರುವುದು ಅದಕ್ಕಿಂತ ದೊಡ್ಡದಾಗಿದ್ದರೂ ತೊಂದರೆ ಕೊಡದೆ ಇರಬಹುದು, ಆಗ ಸುಮ್ಮನೆ ಗಮನಿಸುತ್ತಿದ್ದರಾಯಿತು. 2011ರಲ್ಲಿ ಫಿಗೋ ಎಂಬ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ಈ ಜಾಗಗಳಿಗೆ 0ಯಿಂದ 8ರವರೆಗೆ ನಂಬರ್ ಕೊಟ್ಟಿದೆ. ಆಪರೇಷನ್ ಮಾತು ಬಂದರೆ ಕೇಳಿ: ಎಷ್ಟು ಗಡ್ಡೆ, ಎಲ್ಲಿ, ಯಾವ ನಂಬರ್?

ನನಗೆ ಇಷ್ಟವಾದ ಒಂದು ಸಂಗತಿ. 1955ರಲ್ಲಿ ಗ್ಲಾಸ್ಗೋದ ಡಾ. ಇಯಾನ್ ಡೊನಾಲ್ಡ್, ಆಪರೇಷನ್‌ನಲ್ಲಿ ತೆಗೆದ ಫೈಬ್ರಾಯ್ಡ್, ಅಂಡಾಶಯದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹದ ಬಿರುಕು ಹುಡುಕುವ ಯಂತ್ರ ಅಲ್ಲಿತ್ತು. ಹೋಲಿಸಿ ನೋಡಲು ಮಾಂಸದ ತುಂಡೂ ಇತ್ತು! ನಮ್ಮ ಸ್ಕ್ಯಾನಿಂಗ್ ಶುರುವಾಗಿದ್ದೇ ಇಂಥ ಗಡ್ಡೆಗಳಿಂದ.

ಸ್ಕ್ಯಾನ್ ಎಲ್ಲವನ್ನೂ ಹೇಳುವುದಿಲ್ಲ. ಅಪರೂಪಕ್ಕೆ ಸ್ನಾಯುವಿನ ಗಡ್ಡೆ ಕ್ಯಾನ್ಸರ್ ಆಗಿರುತ್ತದೆ, ಅದನ್ನು ಇದೊಂದರಿಂದಲೇ ಖಚಿತವಾಗಿ ತಳ್ಳಿಹಾಕಲಾಗದು. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ, ರಕ್ತ ಕಂಡರೆ, ತಡಮಾಡದೆ ಬನ್ನಿ, ಎಂಆರ್‌ಐ ಬೇಕಾಗಬಹುದು.

ರಿಪೋರ್ಟ್ ತಂದವರು ಊಟವಾದ ಮೇಲೆ ಸಿಗಿ. ಈ ಸಲ ಮೂಲೆ ಬೇಡ, ಇಲ್ಲೇ ಮೇಜಿನ ಹತ್ತಿರ ಕೂರೋಣ. ಹಳೆಯ ರಿಪೋರ್ಟ್ ಇದ್ದರೆ ಅದನ್ನೂ ತನ್ನಿ.